ಒಂದೇ ತಟ್ಟೆಯಲ್ಲಿ ಮೂರು ಬಿಸಿ

ಜೂನ್ ಕೊನೆಯ ವಾರ ಪ್ಯಾರಿಸ್ಸಿನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತು ಗಂಟೆ ಹತ್ತಿರವಾಗಿರುತ್ತದೆ. ಬೀದಿಬದಿಗೆ ಮೇಜು ಹಾಕಿಕೊಂಡ ಸಣ್ಣ ಊಟದ ಮನೆಗಳಲ್ಲಿ ಆಗ ಊಟ ಮುಗಿದು ಸಿಹಿಯ ಸರದಿ. ಒಳಗೆ ಅಡುಗೆಯವರು ಆಳವಿಲ್ಲದ ಅಗಲ ಪಿಂಗಾಣಿ ತಟ್ಟೆಯಲ್ಲಿ ಸ್ಟ್ರಾಬೆರಿ, ರಾಸ್ಬೆರಿ, ಬ್ಲೂಬೆರಿಗಳನ್ನು ಒಂದೇ ಪದರವಾಗಿ ಹರಡುತ್ತಾರೆ. ಅದರ ಮೇಲೆ ತಿಳಿಹಳದಿ ನೊರೆ ಸುರಿಯುತ್ತಾರೆ. ತಟ್ಟೆ ನಿಗಿನಿಗಿ ಕಾದ ಸರಳುಗಳ ಕೆಳಗೆ ಹೋಗುತ್ತದೆ. ಮುಂದಿನ ಎರಡು ನಿಮಿಷ ಯಾರೂ ಅತ್ತಿತ್ತ ನೋಡುವುದಿಲ್ಲ. ನೊರೆ ಮೊದಲು ತುಸು ಉಬ್ಬುತ್ತದೆ, ಆಮೇಲೆ ಅಲ್ಲಲ್ಲಿ ಹೊನ್ನಿನ ಬಣ್ಣದ ಚುಕ್ಕೆಗಳೇಳುತ್ತವೆ, ಚುಕ್ಕೆಗಳು ಕೂಡಿಕೊಂಡು ಕಂದಾಗುತ್ತವೆ. ಅಷ್ಟರಲ್ಲಿ ತಟ್ಟೆ ಹೊರಗೆ.

ಚಮಚ ಇಳಿಸಿದರೆ ಮೊದಲು ಸಿಗುವುದು ಸುಟ್ಟ ಸಕ್ಕರೆಯ ಘಮವಿರುವ ತೆಳು ಪೊರೆ. ಅದರಡಿ ಬಿಸಿ ಬಿಸಿ ಮೊಟ್ಟೆಯ ನೊರೆ. ಇನ್ನೂ ಕೆಳಗೆ, ಈಗಷ್ಟೇ ಬೆಚ್ಚಗಾಗಿ ರಸ ಬಿಡತೊಡಗಿದ ಹಣ್ಣು. ಫ್ರೆಂಚರು ಇದನ್ನು ಕೆಂಪು ಹಣ್ಣುಗಳ ಗ್ರಾತಾಂ ಎನ್ನುತ್ತಾರೆ. ಮೇಲೆ ಸುರಿಯುವ ನೊರೆಗೆ ಸಬಾಯೋನ್ ಎಂದು ಹೆಸರು.

ನೋಡಲು ದೊಡ್ಡ ಹೋಟೆಲಿನ ತಿನಿಸು. ಬೇಕಾಗುವುದು ಮೊಟ್ಟೆ, ಸಕ್ಕರೆ, ಒಂದಿಷ್ಟು ವೈನ್ ಅಥವಾ ಹಣ್ಣಿನ ರಸ, ನಾಲ್ಕು ಹಿಡಿ ಬೆರ್ರಿ, ಅಷ್ಟೇ. ಅರ್ಧ ಗಂಟೆಯೊಳಗೆ ಮುಗಿಯುವ ಕೆಲಸ. ಆದರೂ ಮನೆಯಲ್ಲಿ ಮಾಡಹೊರಟಾಗ ಇದು ಸುಲಭವಾಗಿ ಕೈಕೊಡುತ್ತದೆ. ಮೊಟ್ಟೆ ಒಡೆದು ಕಾಳುಕಾಳಾಗುತ್ತದೆ. ಇಲ್ಲವೇ ಮೇಲೆ ಬಣ್ಣ ಬರುವಷ್ಟರಲ್ಲಿ ಕೆಳಗಿನ ಹಣ್ಣು ಜಾಮ್ ಆಗಿರುತ್ತದೆ. ಏಕೆಂದರೆ ಈ ತಟ್ಟೆಯಲ್ಲಿ ಒಂದೇ ಹೊತ್ತಿಗೆ ಮೂರು ಬೇರೆ ಬೇರೆ ಬಿಸಿ ಇರಬೇಕು. ಹಣ್ಣು ಬೆಚ್ಚಗಾದರೆ ಸಾಕು. ನೊರೆ 70 ಡಿಗ್ರಿ ಸೆಲ್ಸಿಯಸ್‌ಗಿಂತ ತುಸು ಮೇಲೆ ಬೆಂದಿರಬೇಕು. ಮೇಲಿನ ಪೊರೆ ಮಾತ್ರ 140 ಡಿಗ್ರಿ ಮುಟ್ಟಬೇಕು. ಎರಡು ಬೆರಳು ದಪ್ಪದ ತಿನಿಸಿನೊಳಗೆ ಈ ಮೂರನ್ನೂ ಕೂಡಿಸುವುದೇ ಇದರ ವಿದ್ಯೆ. ಅದು ಅರ್ಥವಾದವರಿಗೆ ಪಾಕವಿಧಾನದ ಚೀಟಿ ಬೇಕಾಗುವುದಿಲ್ಲ.

ಪುಡಿಗೂ ಮೊದಲಿನ ಕಸ್ಟರ್ಡ್

ನಮ್ಮಲ್ಲಿ ಕಸ್ಟರ್ಡ್ ಎಂದೊಡನೆ ಕಣ್ಣಮುಂದೆ ಬರುವುದು ಪುಡಿಯ ಡಬ್ಬಿ, ಮದುವೆಮನೆಯ ಫ್ರೂಟ್ ಸಲಾಡ್. ಆ ಪುಡಿಯಲ್ಲಿ ಮೊಟ್ಟೆಯೇ ಇಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಔಷಧಿ ಅಂಗಡಿ ನಡೆಸುತ್ತಿದ್ದ ಆಲ್ಫ್ರೆಡ್ ಬರ್ಡ್ 1837ರಲ್ಲಿ ಅದನ್ನು ಕಂಡುಹಿಡಿದದ್ದು ಹೆಂಡತಿಗಾಗಿ. ಆಕೆಗೆ ಮೊಟ್ಟೆ ಆಗಿಬರುತ್ತಿರಲಿಲ್ಲ. ಮುಸುಕಿನ ಜೋಳದ ಹಿಟ್ಟಿಗೆ ಬಣ್ಣ, ಪರಿಮಳ ಬೆರೆಸಿ ಹಾಲಿನಲ್ಲಿ ಕುದಿಸಿದರೆ ಕಸ್ಟರ್ಡಿನಂಥದ್ದೇ ಗಟ್ಟಿ ಪಾಕವಾಗುತ್ತದೆ ಎಂದು ಅವನು ತೋರಿಸಿದ. ಒಬ್ಬ ಹೆಂಗಸಿನ ಅಲರ್ಜಿಯಿಂದ ಹುಟ್ಟಿದ ಆ ಪುಡಿ ಮುಂದೆ ಮೊಟ್ಟೆ ತಿನ್ನದ ಲಕ್ಷಾಂತರ ಭಾರತೀಯ ಮನೆಗಳಿಗೆ ಒದಗಿಬಂತು.

ಮೂಲದ ಕಸ್ಟರ್ಡಿಗೂ ಇದಕ್ಕೂ ಸ್ವಭಾವದಲ್ಲೇ ಭೇದವಿದೆ. ಪುಡಿಯದು ಗಟ್ಟಿಯಾಗುವುದು ಪಿಷ್ಟದಿಂದ, ಅದನ್ನು ಕುದಿಸಲೇಬೇಕು. ಮೊಟ್ಟೆಯದು ಗಟ್ಟಿಯಾಗುವುದು ಪ್ರೋಟೀನಿನಿಂದ, ಅದನ್ನು ಕುದಿಸಲೇಬಾರದು. ಪುಡಿಯಲ್ಲಿ ಪಳಗಿದ ಕೈ ಮೊದಲ ಸಲ ಮೊಟ್ಟೆಯ ಕಸ್ಟರ್ಡಿಗೆ ಇಳಿದಾಗ ಎಡವುವುದು ಇಲ್ಲಿಯೇ.

ಹಾಲು, ಮೊಟ್ಟೆ, ಜೇನು ಕೂಡಿಸಿ ಸಣ್ಣ ಉರಿಯಲ್ಲಿ ಬೇಯಿಸುವ ತಿನಿಸು ಪ್ರಾಚೀನ ರೋಮಿನದು. ಎಪಿಕಿಯಸ್ ಹೆಸರಿನಲ್ಲಿ ಉಳಿದುಬಂದಿರುವ ರೋಮನ್ ಪಾಕಸಂಗ್ರಹದಲ್ಲಿ ಅದರ ವಿಧಾನವಿದೆ. ಕೊನೆಗೆ ಮೇಲೆ ಕಾಳುಮೆಣಸಿನ ಪುಡಿ ಉದುರಿಸಬೇಕು ಎಂದೂ ಅದರಲ್ಲಿ ಹೇಳಿದೆ. ರೋಮಿಗೆ ಆ ಮೆಣಸು ಹೋಗುತ್ತಿದ್ದುದು ನಮ್ಮ ಪಶ್ಚಿಮ ಕರಾವಳಿಯಿಂದ.

ಮೊಟ್ಟೆಯ ಕಸ್ಟರ್ಡ್ ಹೇಗೆ ಗಟ್ಟಿಯಾಗುತ್ತದೆ ಎಂದು ಕನ್ನಡದ ಮನೆಗಳಲ್ಲಿ ಹೊಸದಾಗಿ ಕಲಿಸಬೇಕಾಗಿಲ್ಲ. ಗಿಣ್ಣು ಮಾಡಿದವರಿಗೆಲ್ಲ ಅದು ಗೊತ್ತು. ಕರು ಹಾಕಿದ ಹಸುವಿನ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ಅದು ತಾನಾಗಿ ಹೆಪ್ಪುಗಟ್ಟುತ್ತದೆ. ಮಾಮೂಲಿ ಹಾಲು ಎಷ್ಟು ಕಾಯಿಸಿದರೂ ಹಾಗಾಗುವುದಿಲ್ಲ. ಮೊದಲ ಹಾಲಿನಲ್ಲಿ ಕರುವಿನ ರಕ್ಷಣೆಗೆಂದು ಬರುವ ಪ್ರೋಟೀನ್ ಹೇರಳವಾಗಿರುತ್ತದೆ. ಬಿಸಿ ತಾಗಿದಾಗ ಆ ಪ್ರೋಟೀನಿನ ಸುರುಳಿಗಳು ಬಿಚ್ಚಿಕೊಂಡು, ಒಂದಕ್ಕೊಂದು ತಗುಲಿ ಬಲೆ ಹೆಣೆಯುತ್ತವೆ. ನೀರು ಆ ಬಲೆಯೊಳಗೆ ಸೆರೆಯಾಗುತ್ತದೆ. ದಿನ ಕಳೆದಂತೆ ಹಾಲಿನ ಪ್ರೋಟೀನ್ ಇಳಿಯುವುದರಿಂದ ಮೂರನೆಯ ದಿನದ ಗಿಣ್ಣು ಸಡಿಲ. ಮೊಟ್ಟೆಯ ಹಳದಿ ಭಂಡಾರ ಮಾಡುವುದೂ ಇದೇ ಕೆಲಸವನ್ನು. ಉರಿ ಹೆಚ್ಚಾದರೆ ಗಿಣ್ಣು ರಂಧ್ರ ರಂಧ್ರವಾಗಿ ನೀರು ಬಿಡುವುದಕ್ಕೂ ಕಸ್ಟರ್ಡ್ ಒಡೆಯುವುದಕ್ಕೂ ಕಾರಣ ಒಂದೇ. ಬಲೆ ಬಿಗಿದುಕೊಂಡು ಒಳಗಿನ ನೀರನ್ನು ಹೊರಗೆ ಹಿಂಡುತ್ತದೆ.

ಮಾರ್ಸಾಲಾದ ವೈನ್, ನೇಪಲ್ಸಿನ ನೊರೆ

ಬೆರ್ರಿಯ ಮೇಲೆ ಸುರಿಯಲು ಯಾವ ಕಸ್ಟರ್ಡ್ ಆದರೂ ನಡೆದೀತು. ಹಾಲಿನ ತೆಳು ಕಸ್ಟರ್ಡಿಗೆ ಕಡೆದ ಕೆನೆ ಬೆರೆಸಿ ಸುರಿಯುವವರಿದ್ದಾರೆ, ಹಿಟ್ಟು ಹಾಕಿ ಗಟ್ಟಿ ಮಾಡಿದ್ದನ್ನು ಹರಡುವವರೂ ಇದ್ದಾರೆ. ನನ್ನ ಮತ ಸಬಾಯೋನಿಗೆ. ಹಾಲೇ ಇಲ್ಲದ ಈ ನೊರೆ ಬಾಯಲ್ಲಿ ಹಗುರ, ಬಣ್ಣ ಬೇಗ ಹಿಡಿಯುತ್ತದೆ, ಹಣ್ಣಿನ ಹುಳಿಗೆ ಒಡೆಯುವುದೂ ಇಲ್ಲ.

ಇದರ ತವರು ಇಟಲಿ, ಅಲ್ಲಿನ ಹೆಸರು ಜಬಾಯೊನೆ. 15ನೇ ಶತಮಾನದ ಕೊನೆಯ ಭಾಗದಲ್ಲಿ ನೇಪಲ್ಸಿನಲ್ಲಿ ಬರೆದ ಅಡುಗೆಯ ಹಸ್ತಪ್ರತಿಯೊಂದು ಈಗ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿದೆ. ಮೊಟ್ಟೆಯ ಹಳದಿ, ಸಕ್ಕರೆ, ದಾಲ್ಚಿನ್ನಿ, ಸಿಹಿ ವೈನ್ ಸೇರಿಸಿ ಬೇಯಿಸುವ ವಿಧಾನ ಅದರಲ್ಲಿದೆ. ಇಂದಿನ ಇಟಲಿಯ ಅಜ್ಜಿಯರು ಲೆಕ್ಕ ಹೇಳುವುದು ಹೀಗೆ: ಒಂದು ಹಳದಿಗೆ ಒಂದು ದೊಡ್ಡ ಚಮಚ ಸಕ್ಕರೆ, ಒಡೆದ ಅರ್ಧ ಚಿಪ್ಪಿನ ತುಂಬ ವೈನ್. ತಕ್ಕಡಿ ಬೇಡ, ಲೋಟ ಬೇಡ, ಮೊಟ್ಟೆಯ ಚಿಪ್ಪೇ ಅಳತೆ. ಕಾಯಿಲೆಯಿಂದೆದ್ದವರಿಗೆ, ಸೊರಗಿದ ಮಕ್ಕಳಿಗೆ ಶಕ್ತಿ ಬರಲೆಂದು ಇದನ್ನು ಕೊಡುವ ರೂಢಿ ಅಲ್ಲಿ ಬಹುಕಾಲ ಇತ್ತು.

ಆ ವೈನ್ ಸಾಮಾನ್ಯವಾಗಿ ಸಿಸಿಲಿಯ ಮಾರ್ಸಾಲಾ ಊರಿನದು. ಅದನ್ನು ಜಗತ್ತಿಗೆ ಮುಟ್ಟಿಸಿದವನು ಇಂಗ್ಲಿಷ್ ವ್ಯಾಪಾರಿ ಜಾನ್ ವುಡ್‌ಹೌಸ್. 1773ರಲ್ಲಿ ಅಲ್ಲಿಗೆ ಬಂದಿಳಿದ ಅವನು, ಊರಿನ ವೈನಿಗೆ ಕಡಲಯಾನದಲ್ಲಿ ಕೆಡದಂತೆ ಒಂದಿಷ್ಟು ಸ್ಪಿರಿಟ್ ಬೆರೆಸಿ ಇಂಗ್ಲೆಂಡಿಗೆ ಕಳಿಸಿದ. ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ನೆಲ್ಸನ್ ತನ್ನ ಹಡಗುಗಳಿಗೆ ಇದನ್ನು ತರಿಸಿಕೊಂಡ. ಅಡುಗೆಮನೆಗೆ ಇದರಿಂದ ಆದ ಲಾಭವೆಂದರೆ ವರ್ಷಗಟ್ಟಲೆ ಇಟ್ಟರೂ ಹಾಳಾಗದ, ಕಾಯಿಸಿದರೂ ಪರಿಮಳ ಕಳೆದುಕೊಳ್ಳದ ವೈನ್ ಕಪಾಟಿನಲ್ಲಿ ಸದಾ ಸಿಗುವಂತಾದದ್ದು. ಫ್ರಾನ್ಸಿಗೆ ಹೋದ ಮೇಲೆ ನೊರೆ ಶಾಂಪೇನ್, ಮಸ್ಕಟ್ ವೈನುಗಳಲ್ಲೂ ಆಗತೊಡಗಿತು. ಹಣ್ಣಿನ ಮೇಲೆ ಸುರಿದು ಉರಿಗೊಡ್ಡುವ ರೂಪ ಫ್ರೆಂಚ್ ಅಡುಗೆಯವರಲ್ಲಿ ನೆಲೆಯಾಯಿತು.

ಬೇಹುಗಾರ ತಂದ ಸ್ಟ್ರಾಬೆರಿ

ಇನ್ನು ಹಣ್ಣಿನ ಕಥೆ. ಇಂದು ನಾವು ಕೊಳ್ಳುವ ದಪ್ಪ ಸ್ಟ್ರಾಬೆರಿ ಯೂರೋಪಿನ ಕಾಡಿನದಲ್ಲ. ಅಲ್ಲಿನ ಕಾಡಿನ ಹಣ್ಣು ಕಿರುಬೆರಳ ಉಗುರಿನಷ್ಟು, ಪರಿಮಳ ಮಾತ್ರ ಅಪಾರ. 1712ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ, ದಕ್ಷಿಣ ಅಮೆರಿಕದ ಸ್ಪೇನ್ ಕೋಟೆಗಳ ಗುಟ್ಟು ತಿಳಿದು ಬರಲೆಂದು ಅಮೆದೆ ಫ್ರಾನ್ಸ್ವಾ ಫ್ರೆಜಿಯೆ ಎಂಬ ಎಂಜಿನಿಯರನನ್ನು ಕಳಿಸಿದ. ಚಿಲಿಯ ಕಾನ್ಸೆಪ್ಸಿಯನ್ ಬಳಿ ಅವನು ದೊಡ್ಡ ಗಾತ್ರದ ಸ್ಟ್ರಾಬೆರಿ ಬೆಳೆಯುವುದನ್ನು ಕಂಡ. 1714ರಲ್ಲಿ ಹಿಂದಿರುಗುವಾಗ ಕೋಟೆಯ ನಕ್ಷೆಗಳ ಜೊತೆ ಗಿಡಗಳನ್ನೂ ಹಡಗೇರಿಸಿದ. ಕುಡಿಯುವ ನೀರಿಗೇ ತತ್ವಾರವಿದ್ದ ಆ ತಿಂಗಳುಗಟ್ಟಲೆಯ ಪಯಣದಲ್ಲಿ ಉಳಿದುಕೊಂಡು ಬಂದದ್ದು ಐದು ಗಿಡ.

ಆ ಗಿಡಗಳೆಲ್ಲ ಹೆಣ್ಣು. ಹೂ ಬಿಟ್ಟವು, ಕಾಯಿ ಕಚ್ಚಲಿಲ್ಲ. ಫ್ರಾನ್ಸಿನ ಬ್ರಿಟನಿ ಸೀಮೆಯ ಬ್ರೆಸ್ಟ್ ಸುತ್ತಲಿನ ತೋಟಗಳಲ್ಲಿ ಉತ್ತರ ಅಮೆರಿಕದ ವರ್ಜೀನಿಯಾ ಸ್ಟ್ರಾಬೆರಿಯ ಪಕ್ಕ ಅವು ಬೆಳೆದಾಗ ಪರಾಗ ಸಿಕ್ಕಿತು, ದೊಡ್ಡ ಹಣ್ಣು ಬಂತು. ಹೀಗೆ ಹುಟ್ಟಿದ ಹೊಸ ಸ್ಟ್ರಾಬೆರಿ ಎರಡು ಅಮೆರಿಕಗಳ ಕೂಡುವಳಿ ಎಂದು 1766ರಲ್ಲಿ ಬರೆದು ತಿಳಿಸಿದವನು ಆಂಟ್ವಾನ್ ನಿಕೊಲಾ ದುಶೇನ್, ಆಗಿನ್ನೂ ಇಪ್ಪತ್ತು ತುಂಬದ ತರುಣ. ಪೆಸಿಫಿಕ್ ಕರಾವಳಿಯ ಗಾತ್ರ, ಅಟ್ಲಾಂಟಿಕ್ ಕರಾವಳಿಯ ಪರಿಮಳ ಎರಡೂ ಫ್ರಾನ್ಸಿನ ಮಣ್ಣಿನಲ್ಲಿ ಒಂದಾದವು. ಇವತ್ತು ಮಾರುಕಟ್ಟೆಗೆ ಬರುವ ಸ್ಟ್ರಾಬೆರಿಗಳಲ್ಲಿ ಬಹುಪಾಲು ಆ ಸಂತಾನ.

ಬ್ಲೂಬೆರಿಯ ಕೃಷಿ ತೀರ ಇತ್ತೀಚಿನದು. ಅಮೆರಿಕದ ನ್ಯೂಜೆರ್ಸಿಯಲ್ಲಿ ಎಲಿಜಬೆತ್ ವೈಟ್ ಮತ್ತು ಸಸ್ಯವಿಜ್ಞಾನಿ ಫ್ರೆಡರಿಕ್ ಕೊವಿಲ್ ಕಾಡಿನ ಪೊದೆಗಳಿಂದ ಆಯ್ದು ಬೆಳೆಸಿದ ಹಣ್ಣು ಮೊದಲು ಮಾರಾಟಕ್ಕೆ ಬಂದದ್ದು 1916ರಲ್ಲಿ.

ನಮಗೆ ಹತ್ತಿರದ ಸ್ಟ್ರಾಬೆರಿ ಮಹಾಬಲೇಶ್ವರದ್ದು. 2010ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಫ್ರಾನ್ಸಿನಲ್ಲಿ ಸ್ಟ್ರಾಬೆರಿ ಬೇಸಿಗೆಯ ಹಣ್ಣಾದರೆ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನ ತಳ್ಳುಗಾಡಿಗಳಿಗೆ ಬರುವುದು ಚಳಿಗಾಲದಲ್ಲಿ. ಚಳಿಯ ರಾತ್ರಿಗೆ ಬಿಸಿ ಸಿಹಿ ಒಪ್ಪುವುದರಿಂದ, ಈ ತಿನಿಸಿನ ಮಟ್ಟಿಗೆ ನಮ್ಮ ಋತುವೇ ಹೆಚ್ಚು ಅನುಕೂಲ.

ಎಪ್ಪತ್ತರ ಲಕ್ಷ್ಮಣರೇಖೆ

ನೊರೆಯ ಕೆಲಸ ಹಬೆಯ ಮೇಲೆ ನಡೆಯುತ್ತದೆ. ಅಗಲ ಪಾತ್ರೆಯಲ್ಲಿ ಎರಡು ಬೆರಳು ನೀರು, ಅದರ ಮೇಲೆ ನೀರಿಗೆ ತಾಗದಂತೆ ಸ್ಟೀಲ್ ಬೋಗುಣಿ. ನೀರು ಸಣ್ಣಗೆ ಗುಳುಗುಳಿಸಿದರೆ ಸಾಕು, ಕೊತಕೊತ ಕುದಿಯಬಾರದು. ಅಲ್ಯೂಮಿನಿಯಂ ಪಾತ್ರೆ ಬೇಡ, ಮೊಟ್ಟೆ ಬೂದು ಬಣ್ಣಕ್ಕೆ ತಿರುಗುತ್ತದೆ.

ಹಳದಿಯೊಂದನ್ನೇ ಎಷ್ಟು ಕಡೆದರೂ ಹೆಚ್ಚು ನೊರೆ ಬರುವುದಿಲ್ಲ. ಅದರ ಅರ್ಧ ಭಾಗ ನೀರೇ ಆದರೂ ಆ ನೀರು ಕೊಬ್ಬು, ಪ್ರೋಟೀನುಗಳ ನಡುವೆ ಸಿಕ್ಕಿಕೊಂಡಿರುತ್ತದೆ. ವೈನ್ ಅಥವಾ ಹಣ್ಣಿನ ರಸ ಸೇರಿಸಿದಾಗ ಗುಳ್ಳೆಗಳ ಗೋಡೆ ಕಟ್ಟಲು ಬೇಕಾದ ನೀರು ಒದಗುತ್ತದೆ. ಕಡೆಯುವ ಕೈ ಗಾಳಿ ತುಂಬುತ್ತದೆ, ಬಿಸಿ ಪ್ರೋಟೀನನ್ನು ಬಿಚ್ಚುತ್ತದೆ, ಬಿಚ್ಚಿಕೊಂಡ ಪ್ರೋಟೀನ್ ಗುಳ್ಳೆಯ ಸುತ್ತ ಗೋಡೆಯಾಗಿ ನಿಲ್ಲುತ್ತದೆ. ನೋಡನೋಡುತ್ತ ಮಿಶ್ರಣ ಮೂರು ನಾಲ್ಕು ಪಟ್ಟು ಏರುತ್ತದೆ.

ಬರೀ ಹಳದಿ 65 ಡಿಗ್ರಿಯ ಸುಮಾರಿಗೆ ದಪ್ಪವಾಗತೊಡಗಿ 70ರಲ್ಲಿ ಹೆಪ್ಪುಗಟ್ಟುತ್ತದೆ. ಸಕ್ಕರೆ, ರಸ ಬೆರೆತಾಗ ಈ ಗಡಿ ಮೇಲೇರುವುದರಿಂದ ನಮಗೆ ತುಸು ಬಿಡುವು ಸಿಗುತ್ತದೆ. 71 ಡಿಗ್ರಿ ಮುಟ್ಟಿದರೆ ಮೊಟ್ಟೆಯಲ್ಲಿರಬಹುದಾದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಯುತ್ತದೆ. 80 ದಾಟಿದರೆ ನೊರೆ ಒಡೆಯುವ ಅಪಾಯ. ಈ ಎರಡರ ನಡುವಿನ ಒಂಬತ್ತು ಡಿಗ್ರಿಯೇ ನಮ್ಮ ಅಂಗಳ. ಅಡುಗೆಯ ಥರ್ಮಾಮೀಟರ್ ಈಗ ದುಬಾರಿಯಲ್ಲ. ಮೊಟ್ಟೆಯ ತಿನಿಸು ಮಾಡುವ ಮನೆಯಲ್ಲಿ ಅದೊಂದು ಇರಲೇಬೇಕು, ವಿಶೇಷವಾಗಿ ಮಕ್ಕಳು, ಬಸುರಿಯರು, ವೃದ್ಧರು ತಿನ್ನುವುದಾದರೆ.

ಕಣ್ಣಿಗೂ ಗುರುತು ಕಾಣುತ್ತದೆ. ಮೊದಲು ದೊಡ್ಡ ಗುಳ್ಳೆಗಳು, ಆಮೇಲೆ ನುಣುಪಾದ ನೊರೆ, ಆಮೇಲೆ ಕಡೆಗೋಲು ಎಳೆದಲ್ಲಿ ಬೋಗುಣಿಯ ತಳ ಕ್ಷಣಕಾಲ ಕಾಣುವಷ್ಟು ದಪ್ಪ. ಎತ್ತಿ ಬಿಟ್ಟ ನೊರೆ ಪಟ್ಟಿಯಂತೆ ಇಳಿದು, ಮೇಲ್ಮೈಯಲ್ಲಿ ಮೂರು ನಾಲ್ಕು ಸೆಕೆಂಡು ಹಾಗೇ ನಿಂತರೆ ಆಯಿತು. ತಕ್ಷಣ ಬೋಗುಣಿ ಕೆಳಗಿಳಿಸಿ ಇನ್ನೊಂದು ನಿಮಿಷ ಕಡೆಯುತ್ತಲೇ ಇರಬೇಕು. ಪಾತ್ರೆಯ ಬಿಸಿಯೇ ಮುಂದೆ ಬೇಯಿಸಿಬಿಡುತ್ತದೆ.

ಮೇಲಿನಿಂದ ಬೀಳುವ ಉರಿ

ಇಡೀ ತಿನಿಸಿನ ಜೀವ ಇರುವುದು ಇಲ್ಲಿ. ಒಲೆಯ ಉರಿ ಕೆಳಗಿನಿಂದ ಬರುತ್ತದೆ. ಅದರಿಂದ ಹಣ್ಣು ಬೆಂದೀತೇ ಹೊರತು ನೊರೆಯ ತಲೆ ಕಂದಾಗದು. ಓವನಿನ ಸುತ್ತುಬಿಸಿಯಲ್ಲಿ ಎಲ್ಲವೂ ಒಟ್ಟಿಗೆ ಕಾಯುತ್ತದೆ. ಮೇಲಿನ ಪೊರೆಯನ್ನು ಮಾತ್ರ ಸುಡಬೇಕಾದರೆ ಉರಿ ಮೇಲಿನಿಂದಲೇ ಬೀಳಬೇಕು, ಪ್ರಖರವಾಗಿ, ಸ್ವಲ್ಪ ಹೊತ್ತು ಮಾತ್ರ.

ಹಳೆಯ ಯೂರೋಪಿನ ಅಡುಗೆಮನೆಗಳಲ್ಲಿ ಇದಕ್ಕೆ ಸಾಲಮಾಂಡರ್ ಎಂಬ ಸಲಕರಣೆ ಇತ್ತು. ಉದ್ದ ಹಿಡಿಯ ತುದಿಯಲ್ಲಿ ದಪ್ಪ ಕಬ್ಬಿಣದ ಬಿಲ್ಲೆ. ಅದನ್ನು ಕೆಂಡದೊಳಗೆ ತೂರಿಸಿ ಕೆಂಪಗೆ ಕಾಯಿಸಿ, ತಿನಿಸಿನ ಮೇಲೆ ಮುಟ್ಟೀಮುಟ್ಟದ ಹಾಗೆ ಹಿಡಿಯುತ್ತಿದ್ದರು. ಇಂದಿನ ಹೋಟೆಲುಗಳಲ್ಲಿ ಗೋಡೆಗೆ ಕೂರಿಸಿದ ಗ್ಯಾಸಿನ ಅಥವಾ ಕರೆಂಟಿನ ಮೇಲುರಿಯ ಒಲೆಗೂ ಅದೇ ಹೆಸರು ಉಳಿದಿದೆ. ಸ್ಪೇನಿನ ಕ್ಯಾಟಲೋನಿಯಾದಲ್ಲಿ ಮಾರ್ಚ್ 19ರ ಸಂತ ಜೋಸೆಫರ ಹಬ್ಬಕ್ಕೆ ಮಾಡುವ ಕ್ರೇಮಾ ಕತಲಾನಾ ಎಂಬ ಕಸ್ಟರ್ಡಿನ ಸಕ್ಕರೆಯನ್ನು ಈಗಲೂ ಕಾದ ಕಬ್ಬಿಣದಿಂದ ಸುಡುವವರಿದ್ದಾರೆ. ಫ್ರಾನ್ಸಿನ ಫ್ರಾನ್ಸ್ವಾ ಮಾಸಿಯಾಲೊ 1691ರಲ್ಲಿ ಪ್ರಕಟಿಸಿದ ಪಾಕಪುಸ್ತಕದಲ್ಲೂ ಇಂಥದ್ದೇ ಸುಟ್ಟ ಸಕ್ಕರೆಯ ಕಸ್ಟರ್ಡ್, ಕ್ರೆಮ್ ಬ್ರೂಲೆ ಮಾಡುವ ವಿಧಾನವಿದೆ.

ಮೇಲುರಿಯ ಅಡುಗೆ ನಮ್ಮ ಕರಾವಳಿಗೂ ಅಪರಿಚಿತವಲ್ಲ. ಗೋವಾದ ಬೆಬಿಂಕಾ ಕಾರವಾರ, ಮಂಗಳೂರಿನ ಕ್ರೈಸ್ತ ಮನೆಗಳಿಗೂ ಗೊತ್ತು. ಮೊಟ್ಟೆಯ ಹಳದಿ, ತೆಂಗಿನ ಹಾಲು, ಸಕ್ಕರೆ, ತುಪ್ಪ, ಮೈದಾಹಿಟ್ಟಿನ ಆ ತಿನಿಸನ್ನು ಪದರ ಪದರವಾಗಿ ಸುರಿದು, ಮುಚ್ಚಳದ ಮೇಲೆ ತೆಂಗಿನ ಸಿಪ್ಪೆಯ ಕೆಂಡ ಹರಡಿ, ಒಂದೊಂದು ಪದರವೂ ಕಂದಾದ ಮೇಲೆ ಇನ್ನೊಂದನ್ನು ಹೊಯ್ಯುತ್ತಾರೆ. ಪೋರ್ಚುಗೀಸರ ಕಾಲದಿಂದ ಬಂದ ಬೆಬಿಂಕಾ ಮತ್ತು ಫ್ರಾನ್ಸಿನ ಗ್ರಾತಾಂ ಎರಡರ ತತ್ತ್ವವೂ ಇದೇ: ಹಳದಿ, ಸಕ್ಕರೆ, ಮೇಲಿನಿಂದ ಬೆಂಕಿ.

ಕಂದು ಬಣ್ಣ ಬರುವುದು ಎರಡು ದಾರಿಯಲ್ಲಿ. ಸಕ್ಕರೆಯೊಂದೇ 160 ಡಿಗ್ರಿಯ ಮೇಲೆ ಕಾದು ಕ್ಯಾರಮೆಲ್ ಆಗುವುದು ಒಂದು. ಪ್ರೋಟೀನಿನ ಅಮೈನೋ ಆಮ್ಲಗಳು ಸಕ್ಕರೆಯ ಜೊತೆ ಕೂಡಿ ಬಣ್ಣ, ಘಮ ಎರಡನ್ನೂ ಹುಟ್ಟಿಸುವುದು ಇನ್ನೊಂದು. ಇದನ್ನು 1912ರಲ್ಲಿ ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮಯ್ಯಾರ್ ಹೆಸರೇ ಆ ಕ್ರಿಯೆಗೆ ನಿಂತಿದೆ. ಧಾರವಾಡ ಪೇಡೆಯ ಕಂದು, ಬೆಳಗಾವಿ ಕುಂದಾದ ಘಮ ಹೆಚ್ಚಾಗಿ ಈ ಕ್ರಿಯೆಯ ಕೊಡುಗೆ. ಅಲ್ಲಿ ಹಾಲಿನ ಪ್ರೋಟೀನ್ ಗಂಟೆಗಟ್ಟಲೆ ಬಾಣಲೆಯಲ್ಲಿ ಕಾಯುತ್ತದೆ, ಇಲ್ಲಿ ಮೊಟ್ಟೆಯ ಪ್ರೋಟೀನಿಗೆ ಎರಡೇ ನಿಮಿಷ. ಅಷ್ಟರಲ್ಲಿ ಬಣ್ಣ ಬರಬೇಕಾದರೆ ಬಿಸಿ 140 ಡಿಗ್ರಿಯ ಆಚೆಗೆ ಹೋಗಲೇಬೇಕು. ಅಮೈನೋ ಆಮ್ಲಗಳೊಡನೆ ನೇರವಾಗಿ ಕೂಡಬಲ್ಲ ಗ್ಲೂಕೋಸ್, ಫ್ರಕ್ಟೋಸ್ ಸಿಹಿ ವೈನಿನಲ್ಲೂ ಹಣ್ಣಿನ ರಸದಲ್ಲೂ ಇರುವುದರಿಂದ ಸಬಾಯೋನ್ ಬೇಗ ಬಣ್ಣ ಹಿಡಿಯುತ್ತದೆ.

ಇದಕ್ಕೆ ಅಡ್ಡಿ ನೀರು. ಮೇಲ್ಮೈ ಒದ್ದೆಯಾಗಿರುವ ತನಕ ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ. ತೆಳು ಕಸ್ಟರ್ಡ್ ಸುರಿದವರು ಎಷ್ಟು ಕಾದರೂ ಬಣ್ಣ ಕಾಣದಿರುವುದು, ಕಾದು ಕಾದು ಕೊನೆಗೆ ಒಡೆದ ಕಸ್ಟರ್ಡ್ ತಿನ್ನುವುದು ಇದರಿಂದಲೇ. ನೊರೆಯಲ್ಲಿ ಗುಳ್ಳೆಯ ಗೋಡೆ ಬಲು ತೆಳು. ಅದರ ನೀರು ಕೆಲವೇ ಸೆಕೆಂಡಿನಲ್ಲಿ ಆರಿ, ಬಿಸಿ ಸರ್ರನೆ ಏರುತ್ತದೆ. ಅದೇ ಹೊತ್ತಿಗೆ ಗುಳ್ಳೆಯೊಳಗಿನ ಗಾಳಿ ಬಿಸಿಯನ್ನು ಕೆಳಗೆ ಬಿಡುವುದಿಲ್ಲ. ಮೇಲೆ ಸುಡುವಾಗ ಕೆಳಗಿನ ಹಣ್ಣು ಬೇಯದೆ ಉಳಿಯುವುದು ಆ ಗಾಳಿಯ ದೆಸೆಯಿಂದ. ಒಂದೇ ನೊರೆ ಮೇಲ್ಗಡೆ ಬೇಗ ಸುಟ್ಟುಕೊಂಡು, ಕೆಳಗಿನದನ್ನು ಸುಡದಂತೆ ಕಾಯುತ್ತದೆ. ಇದನ್ನು ಮೊದಲು ಕಂಡುಕೊಂಡ ಅಡುಗೆಯವರ ಹೆಸರು ಉಳಿದಿದ್ದರೆ ಚೆನ್ನಾಗಿತ್ತು ಎನ್ನಿಸುತ್ತದೆ.

ಹಣ್ಣು ಬೇಯಬಾರದು

ಸ್ಟ್ರಾಬೆರಿಯ ತೂಕದಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ತುಂಬ ಕಾದರೆ ಜೀವಕೋಶಗಳ ಗೋಡೆ ಕುಸಿದು ಆ ನೀರೆಲ್ಲ ತಟ್ಟೆಗೆ ಹರಿಯುತ್ತದೆ, ಕೆಂಪು ಮಾಸುತ್ತದೆ, ಹಸಿ ಹಣ್ಣಿನ ಪರಿಮಳ ಹೋಗಿ ಜಾಮಿನ ವಾಸನೆ ಬರುತ್ತದೆ. ಬರೀ ಬೆಚ್ಚಗಾದರೆ ಪರಿಮಳ ಅರಳುತ್ತದೆ. ಹಾಗಾಗಿ ಫ್ರಿಜ್ಜಿನಿಂದ ಒಂದು ಗಂಟೆ ಮೊದಲೇ ತೆಗೆದು, ತೊಳೆದು, ಬಟ್ಟೆಯ ಮೇಲೆ ಹರಡಿ ಒಣಗಿಸಬೇಕು. ಸಕ್ಕರೆ ಮೊದಲೇ ಉದುರಿಸಬಾರದು, ಅದು ರಸವನ್ನು ಹೊರಗೆಳೆಯುತ್ತದೆ.

ಹೆಪ್ಪುಗಟ್ಟಿಸಿದ ಬೆರ್ರಿ ಮಾತ್ರ ಸಿಕ್ಕರೆ ಜರಡಿಯಲ್ಲಿಟ್ಟು ಕರಗಿಸಿ. ಒಳಗಿನ ಮಂಜಿನ ಹರಳು ಕೋಶಗಳನ್ನು ಆಗಲೇ ಸೀಳಿರುವುದರಿಂದ ರಸ ಧಾರಾಳವಾಗಿ ಇಳಿಯುತ್ತದೆ. ಆ ರಸವನ್ನು ಚೂರು ಸಕ್ಕರೆಯೊಂದಿಗೆ ಬತ್ತಿಸಿ ಹಣ್ಣಿನ ಮೇಲೆ ಸವರಿದರೆ ರುಚಿ ನಷ್ಟವಾಗದು. ತಟ್ಟೆಯ ತಳಕ್ಕೆ ಸ್ಪಂಜ್ ಕೇಕಿನ ತೆಳು ಹೋಳುಗಳನ್ನು ಹಾಸುವುದೂ ಒಳ್ಳೆಯ ಉಪಾಯ.

ರೇಷ್ಮೆ ಸೀಮೆಯವರಿಗೆ ಹಿಪ್ಪುನೇರಳೆ ಹಣ್ಣು ಸಿಗುವುದುಂಟು. ಸೊಪ್ಪಿಗಾಗಿ ಸವರುವ ತೋಟಗಳಲ್ಲಿ ಹಣ್ಣು ಕಡಿಮೆ, ಬೇಲಿಯ ಮರಗಳಲ್ಲಿ ಹೆಚ್ಚು. ಅದರಲ್ಲಿ ಸಿಹಿ ಇದೆ, ಹುಳಿ ಸಾಲದು. ನಿಂಬೆರಸ ಹಿಂಡಿ ಬಳಸಬಹುದು. ನೇರಳೆ ಹಣ್ಣನ್ನು ನಾನು ಇದಕ್ಕೆ ಹೇಳುವುದಿಲ್ಲ. ಅದರ ಒಗರು ಮೊಟ್ಟೆಯ ನೊರೆಯನ್ನು ನುಂಗಿಹಾಕುತ್ತದೆ.

ಮನೆಯಲ್ಲಿ ಮಾಡುವುದಾದರೆ

ನಾಲ್ಕು ಜನಕ್ಕೆ 400 ಗ್ರಾಂ ಬೆರ್ರಿ, ನಾಲ್ಕು ಮೊಟ್ಟೆಯ ಹಳದಿ, 80 ಗ್ರಾಂ ಸಕ್ಕರೆ, 100 ಮಿಲಿಲೀಟರ್ ಸಿಹಿ ವೈನ್. ವೈನ್ ಬೇಡವೆಂದರೆ ಅಷ್ಟೇ ಕಿತ್ತಳೆ ರಸ, ಜೊತೆಗೆ ಒಂದು ಚಮಚ ನಿಂಬೆರಸ. ಮೇಲುರಿಯ ಗ್ರಿಲ್ಲನ್ನು ಮೊದಲೇ ಹತ್ತು ನಿಮಿಷ ಕಾಯಲು ಬಿಡಿ. ಓಟಿಜಿ ಇದ್ದರೆ ಮೇಲಿನ ಸರಳು ಮಾತ್ರ ಹೊತ್ತಿಸಿ. ಮೇಲುರಿ ತಾಳುವ ಪಿಂಗಾಣಿ ತಟ್ಟೆಯಲ್ಲಿ ಹಣ್ಣು ಹರಡಿಡಿ. ಸಾಮಾನ್ಯ ಗಾಜು ಬೇಡ, ಬಿರಿಯುತ್ತದೆ.

ಹಳದಿಗೆ ಸಕ್ಕರೆ ಹಾಕಿದ ಕೂಡಲೇ ಕಡೆಯಿರಿ. ಸುಮ್ಮನೆ ಬಿಟ್ಟರೆ ಸಕ್ಕರೆ ನೀರೆಳೆದುಕೊಂಡು ಹಳದಿ ಅಲ್ಲಲ್ಲಿ ಗಟ್ಟಿ ಗಂಟುಗಳಾಗುತ್ತದೆ. ಬಣ್ಣ ತಿಳಿಯಾದ ಮೇಲೆ ವೈನ್ ಅಥವಾ ರಸ ಸೇರಿಸಿ, ಹಬೆಯ ಮೇಲಿಟ್ಟು ಎಂಟು ಹತ್ತು ನಿಮಿಷ ಬಿಡದೆ ಕಡೆಯಿರಿ. ಕೈ ನೋಯುತ್ತದೆ, ಎಲೆಕ್ಟ್ರಿಕ್ ಕಡೆಗೋಲು ಇದ್ದರೆ ಬಳಸಿ. ಇಳಿಸಿದ ಮೇಲೆ ಬೇಕಿದ್ದರೆ ಅರ್ಧ ಬಟ್ಟಲು ಕಡೆದ ಕೆನೆಯನ್ನು ಮೆಲ್ಲಗೆ ಬೆರೆಸಬಹುದು, ನೊರೆ ಹೆಚ್ಚು ಹೊತ್ತು ನಿಲ್ಲುತ್ತದೆ. ಹಣ್ಣಿನ ಮೇಲೆ ಹರಡಿ, ಸರಳಿನಿಂದ ಒಂದು ಗೇಣಿಗಿಂತ ಹತ್ತಿರದಲ್ಲಿಟ್ಟು, ಅಲ್ಲೇ ನಿಂತು ನೋಡಿ. ಒಂದು ಬದಿ ಬೇಗ ಕಂದಾದರೆ ತಟ್ಟೆ ತಿರುಗಿಸಿ.

ಕೈದೀಪದಂತಹ ಗ್ಯಾಸಿನ ಟಾರ್ಚ್ ಬಳಸುವವರಿದ್ದಾರೆ. ಗಟ್ಟಿ ಕಸ್ಟರ್ಡಿನ ಮೇಲಿನ ಸಕ್ಕರೆಗೆ ಅದು ಸರಿ. ನೊರೆಯನ್ನು ಅದು ಅಲ್ಲಲ್ಲಿ ಕರಿ ಮಾಡುತ್ತದೆ, ಹಣ್ಣು ಬೆಚ್ಚಗಾಗುವುದಿಲ್ಲ. ಗ್ರಿಲ್ಲೇ ಮೇಲು.

ಮೊಟ್ಟೆ ತಿನ್ನದವರಿಗೆ

ಆಲ್ಫ್ರೆಡ್ ಬರ್ಡ್‌ನ ಪುಡಿ ಇಲ್ಲಿ ನೆರವಿಗೆ ಬರುತ್ತದೆ. 250 ಮಿಲಿಲೀಟರ್ ಹಾಲಿಗೆ ಎರಡು ದೊಡ್ಡ ಚಮಚ ಕಸ್ಟರ್ಡ್ ಪುಡಿ, ಮೂರು ಚಮಚ ಸಕ್ಕರೆ ಹಾಕಿ ಗಟ್ಟಿಯಾಗುವ ತನಕ ಕುದಿಸಿ. ಆರಿದ ಮೇಲೆ ಚೆನ್ನಾಗಿ ಕಲಕಿ, ಒಂದು ಬಟ್ಟಲು ಕಡೆದ ಕೆನೆ ಬೆರೆಸಿದರೆ ನೊರೆಯ ಹಗುರ ಬರುತ್ತದೆ. ಹಣ್ಣಿನ ಮೇಲೆ ಹರಡಿ, ಕಂದು ಸಕ್ಕರೆಯನ್ನೋ ಒಣ ಬೆಲ್ಲದ ಪುಡಿಯನ್ನೋ ತೆಳ್ಳಗೆ ಉದುರಿಸಿ ಗ್ರಿಲ್ಲಿಗೆ ಕೊಡಿ. ಹಾಲಿನ ಪ್ರೋಟೀನೂ ಮೇಲಿನ ಸಕ್ಕರೆಯೂ ಕೂಡಿ ಬಣ್ಣ ಕೊಡುತ್ತವೆ. ಪಿಷ್ಟ ಇರುವುದರಿಂದ ಇದು ಮೊಟ್ಟೆಯದರಂತೆ ಬೇಗ ಒಡೆಯುವುದಿಲ್ಲ, ಹೊಸಬರಿಗೆ ಧೈರ್ಯ ಕೊಡುವ ದಾರಿ. ಸಬಾಯೋನಿನ ನಾಜೂಕು ಇದಕ್ಕಿಲ್ಲ, ಆದರೆ ಬಿಸಿ ಹಣ್ಣು, ಸುಟ್ಟ ಸಕ್ಕರೆಯ ಸುಖಕ್ಕೆ ಕೊರತೆಯಿಲ್ಲ.

ಯಾವ ಬಗೆಯದನ್ನು ಮಾಡಿದರೂ ಒಂದು ಮಾತು. ಇದು ಮಾಡಿಟ್ಟುಕೊಂಡು ತಿನ್ನುವ ಸಿಹಿಯಲ್ಲ. ಹಣ್ಣನ್ನು ಮೊದಲೇ ಜೋಡಿಸಿಡಿ, ಹಳದಿಯನ್ನು ಬೇರ್ಪಡಿಸಿ ಮುಚ್ಚಿ ಫ್ರಿಜ್ಜಿನಲ್ಲಿಡಿ, ಆದರೆ ಕಡೆಯುವುದು ಮತ್ತು ಸುಡುವುದು ಊಟ ಮುಗಿದ ಮೇಲೆಯೇ ಆಗಲಿ. ಹತ್ತು ನಿಮಿಷ ತಡವಾದರೆ ನೊರೆ ಇಳಿದು ತಳದಲ್ಲಿ ರಸ ತುಂಬುತ್ತದೆ. ಉಳಿದದ್ದನ್ನು ಮರುದಿನ ಬಿಸಿ ಮಾಡಿದರೆ ಮೊಟ್ಟೆ ಒಡೆಯುತ್ತದೆ. ತಿನ್ನುವವರನ್ನು ಮೊದಲು ಕೂರಿಸಿ, ಆಮೇಲೆ ಗ್ರಿಲ್ ಹೊತ್ತಿಸಿ.